2¹²⁷ − 1: ಕೈಲೆಕ್ಕದಿಂದ ಸಾಬೀತಾದ ಅತಿ ದೊಡ್ಡ ಅವಿಭಾಜ್ಯ ಸಂಖ್ಯೆ

127 ಎರಡುಗಳನ್ನು ಒಂದಕ್ಕೊಂದು ಗುಣಿಸಿ, ಬಂದ ಗುಣಲಬ್ಧದಿಂದ ಒಂದನ್ನು ಕಳೆದರೆ 170141183460469231731687303715884105727 ಎಂಬ 39 ಅಂಕಿಗಳ ಸಂಖ್ಯೆ ಸಿಗುತ್ತದೆ. ಒಂದು ಮತ್ತು ತಾನು, ಇವೆರಡನ್ನು ಬಿಟ್ಟರೆ ಬೇರಾವ ಸಂಖ್ಯೆಯೂ ಇದನ್ನು ನಿಶ್ಶೇಷವಾಗಿ ಭಾಗಿಸುವುದಿಲ್ಲ. ಅಂದರೆ ಇದೊಂದು ಅವಿಭಾಜ್ಯ ಸಂಖ್ಯೆ. ಫ್ರಾನ್ಸಿನ ಗಣಿತಜ್ಞ ಎದುವಾರ್ ಲ್ಯೂಕಾ ಅವರು 1876ರಲ್ಲಿ, ಗಣಕಯಂತ್ರಗಳು ಹುಟ್ಟುವುದಕ್ಕೆ ಎಷ್ಟೋ ಮೊದಲು, ಇದನ್ನು ತೋರಿಸಿಕೊಟ್ಟರು. ಅಲ್ಲಿಂದ 1951ರವರೆಗೆ, ಅಂದರೆ 75 ವರ್ಷಗಳ ಕಾಲ, ಮನುಷ್ಯರಿಗೆ ತಿಳಿದಿದ್ದ ಅತಿ ದೊಡ್ಡ ಅವಿಭಾಜ್ಯ ಸಂಖ್ಯೆ ಇದೇ ಆಗಿತ್ತು. ಯಂತ್ರದ ನೆರವಿಲ್ಲದೆ ಸಾಬೀತಾದ ಅವಿಭಾಜ್ಯಗಳಲ್ಲಿ ಇಂದಿಗೂ ಇದೇ ದೊಡ್ಡದು.

ಗಾತ್ರವೊಂದನ್ನೇ ನೋಡಿದರೆ ಈ ಸಂಖ್ಯೆಯಲ್ಲಿ ಅಚ್ಚರಿಪಡುವಂಥದ್ದೇನೂ ಇಲ್ಲ. ಸಂಖ್ಯೆಗಳು ದೊಡ್ಡದಾದಂತೆ ಅವಿಭಾಜ್ಯಗಳು ವಿರಳವಾಗುತ್ತವೆ ನಿಜ, ಆದರೆ ಬಹಳ ನಿಧಾನವಾಗಿ. 39 ಅಂಕಿಗಳ ಈ ಆಸುಪಾಸಿನಲ್ಲಿಯೂ ಸರಾಸರಿ 88 ಸಂಖ್ಯೆಗಳಿಗೆ ಒಂದರಂತೆ ಅವಿಭಾಜ್ಯಗಳು ಇದ್ದೇ ಇರುತ್ತವೆ. ಹಾಗಾದರೆ 1876ರಲ್ಲಿ ಅವುಗಳ ಪೈಕಿ ಇದೊಂದೇ ಏಕೆ ಬೆಳಕಿಗೆ ಬಂತು? ಇದಕ್ಕೆ ಉತ್ತರ ಈ ಸಂಖ್ಯೆಗಿಂತ ಹೆಚ್ಚಾಗಿ ಇದರ ನೆರೆಯ ಸಂಖ್ಯೆಯಲ್ಲಿದೆ. ಇದಕ್ಕೆ ಒಂದನ್ನು ಕೂಡಿಸಿದರೆ ಬರುವುದು 2¹²⁷. ಅದರ ಅಪವರ್ತನಗಳೆಲ್ಲ ಬರಿಯ ಎರಡುಗಳು. ನೆರೆಯ ಸಂಖ್ಯೆಯ ರಚನೆ ಹೀಗೆ ಪೂರ್ತಿಯಾಗಿ ಗೊತ್ತಿದ್ದರೆ, ಆ ತಿಳಿವಳಿಕೆಯನ್ನೇ ಹಿಡಿದು ಈ ಸಂಖ್ಯೆಯ ಅವಿಭಾಜ್ಯತೆಯನ್ನು ನಿರ್ಣಯಿಸಬಹುದು ಎಂಬುದು ಲ್ಯೂಕಾ ಅವರು ಕಂಡುಕೊಂಡ ಸಂಗತಿ.

ಮೊದಲು ಸಂಖ್ಯೆಯ ಆಕಾರವನ್ನು ಗಮನಿಸೋಣ. ದಶಮಾನ ಪದ್ಧತಿಯಲ್ಲಿ ಗೊತ್ತುಗುರಿಯಿಲ್ಲದಂತೆ ಕಾಣುವ ಮೇಲಿನ ಅಂಕಿಗಳ ಸಾಲು, ಸೊನ್ನೆ ಮತ್ತು ಒಂದನ್ನು ಮಾತ್ರ ಬಳಸುವ ದ್ವಿಮಾನ ಪದ್ಧತಿಯಲ್ಲಿ ಸಾಲಾಗಿ ನಿಂತ 127 ಒಂದುಗಳಾಗುತ್ತದೆ. ಹೀಗೆ ಒಂದುಗಳಷ್ಟೇ ಇರುವ ಸಂಖ್ಯೆ ಅವಿಭಾಜ್ಯವಾಗಬೇಕಾದರೆ ಒಂದುಗಳ ಎಣಿಕೆ ಕೂಡ ಅವಿಭಾಜ್ಯವಾಗಿರಲೇಬೇಕು. ಆರು ಒಂದುಗಳಿರುವ 111111 ಎಂಬ ಸಂಖ್ಯೆಯನ್ನು (ದಶಮಾನದಲ್ಲಿ 63) ಮೂರು ಮೂರರ ಎರಡು ಗುಂಪುಗಳಾಗಿ ಒಡೆದರೆ, ಅದು 111 ಮತ್ತು 1001ರ ಗುಣಲಬ್ಧ ಎಂಬುದು ಕಣ್ಣಿಗೇ ಕಾಣುತ್ತದೆ; 7 × 9 = 63. ಆರರ ಬದಲು ಯಾವುದೇ ಸಂಯುಕ್ತ (ಅಂದರೆ ಸಣ್ಣ ಸಂಖ್ಯೆಗಳ ಗುಣಲಬ್ಧವಾಗಿ ಒಡೆಯುವ) ಸಂಖ್ಯೆಯಿದ್ದರೂ ಇದೇ ವಾದ ನಡೆಯುತ್ತದೆ. ಆದರೆ ಒಂದುಗಳ ಎಣಿಕೆ ಅವಿಭಾಜ್ಯ ಎಂದ ಮಾತ್ರಕ್ಕೆ ಸಂಖ್ಯೆಯೂ ಅವಿಭಾಜ್ಯವಾಗಬೇಕೆಂದಿಲ್ಲ. ಹನ್ನೊಂದು ಒಂದುಗಳಿರುವ 2¹¹ − 1, ಅಂದರೆ 2047, 23 ಮತ್ತು 89ರ ಗುಣಲಬ್ಧ.

ಈ ಆಕಾರದ ಅವಿಭಾಜ್ಯಗಳಿಗೆ ಮೆರ್ಸೆನ್ ಅವಿಭಾಜ್ಯಗಳು ಎಂದು ಹೆಸರು. ಫ್ರಾನ್ಸಿನ ಪಾದ್ರಿ ಮಾರೆನ್ ಮೆರ್ಸೆನ್ ಅವರು 1644ರಲ್ಲಿ, ಘಾತ (ಗುಣಿಸಿದ ಎರಡುಗಳ ಎಣಿಕೆ) 257ನ್ನು ಮೀರದಿರುವಾಗ 2, 3, 5, 7, 13, 17, 19, 31, 67, 127 ಮತ್ತು 257 ಎಂಬ ಘಾತಗಳಿಗೆ ಮಾತ್ರ ಇಂಥ ಸಂಖ್ಯೆ ಅವಿಭಾಜ್ಯವಾಗುತ್ತದೆ ಎಂದು ಸಾರಿದರು. ಯಾವ ಆಧಾರವನ್ನೂ ಅವರು ಕೊಡಲಿಲ್ಲ. 31ರ ಘಾತವನ್ನು ಆಯ್ಲರ್ ಅವರು 1772ರಲ್ಲಿ ಖಚಿತಪಡಿಸಿದರು. ಉಳಿದವುಗಳ ಪರೀಕ್ಷೆ ಮುಂದುವರಿದಂತೆ ಪಟ್ಟಿಯಲ್ಲಿ ಐದು ತಪ್ಪುಗಳು ಹೊರಬಿದ್ದವು: 67 ಮತ್ತು 257 ಸೇರಬಾರದಿತ್ತು, 61, 89 ಮತ್ತು 107 ಬಿಟ್ಟುಹೋಗಬಾರದಿತ್ತು. 127ರ ವಿಷಯದಲ್ಲಿ ಮೆರ್ಸೆನ್ ಅವರ ಮಾತು ಸರಿಯಾದದ್ದು ಅವರ ಒಳನೋಟಕ್ಕಿಂತ ಹೆಚ್ಚಾಗಿ ಅದೃಷ್ಟದಿಂದ ಎಂದೇ ನನ್ನ ಅನಿಸಿಕೆ. ಸಣ್ಣ ಘಾತಗಳನ್ನು ಸೇರಿಸಿ ಎಣಿಸಿದರೆ 2¹²⁷ − 1 ಹನ್ನೆರಡನೆಯ ಮೆರ್ಸೆನ್ ಅವಿಭಾಜ್ಯ.

ಒಂದು ಸಂಖ್ಯೆ ಅವಿಭಾಜ್ಯವೇ ಎಂದು ಪರೀಕ್ಷಿಸಲು ಶಾಲೆಯಲ್ಲಿ ಕಲಿಸುವ ವಿಧಾನ, ಅದರ ವರ್ಗಮೂಲದವರೆಗಿನ ಸಂಖ್ಯೆಗಳಿಂದ ಭಾಗಿಸಿ ನೋಡುವುದು. ನಮ್ಮ ಸಂಖ್ಯೆಯ ವರ್ಗಮೂಲ ಸುಮಾರು 1.3 × 10¹⁹. ಸೆಕೆಂಡಿಗೆ ನೂರು ಕೋಟಿ ಭಾಗಾಕಾರ ಮಾಡುವ ಯಂತ್ರವಿದ್ದರೂ ಅಷ್ಟೂ ಸಂಖ್ಯೆಗಳನ್ನು ಮುಗಿಸಲು ನಾನೂರಕ್ಕೂ ಹೆಚ್ಚು ವರ್ಷ ಬೇಕು. ಇಲ್ಲಿ ಒಂದಿಷ್ಟು ರಿಯಾಯಿತಿ ಇದೆ. 2¹²⁷ − 1ಕ್ಕೆ ಅವಿಭಾಜ್ಯ ಭಾಜಕವೊಂದು ಇದ್ದರೆ, ಅದನ್ನು 254ರಿಂದ ಭಾಗಿಸಿದಾಗ ಶೇಷ 1 ಉಳಿಯಲೇಬೇಕು, ಮತ್ತು 8ರಿಂದ ಭಾಗಿಸಿದಾಗ ಶೇಷ 1 ಅಥವಾ 7 ಆಗಿರಲೇಬೇಕು. 2047ರಲ್ಲಿ ಇದರ ಮಾದರಿಯನ್ನು ಕಾಣಬಹುದು: ಅಲ್ಲಿ ಘಾತ 11, ಅದರ ಇಮ್ಮಡಿ 22, ಭಾಜಕಗಳಾದ 23 ಮತ್ತು 89 ಎರಡೂ 22ರಿಂದ ಭಾಗಿಸಿದಾಗ ಶೇಷ 1 ಕೊಡುತ್ತವೆ, 8ರಿಂದ ಭಾಗಿಸಿದಾಗ ಕ್ರಮವಾಗಿ 7 ಮತ್ತು 1 ಕೊಡುತ್ತವೆ. ಈ ಎರಡು ನಿಬಂಧನೆಗಳಿಂದಾಗಿ ಪರೀಕ್ಷಿಸಬೇಕಾದ ಸಂಖ್ಯೆಗಳು ಸುಮಾರು 508ರಲ್ಲಿ ಒಂದು ಭಾಗಕ್ಕೆ ಇಳಿದು, ಆ ಯಂತ್ರದ ಕೆಲಸ ಹತ್ತು ತಿಂಗಳಿಗೆ ಬರುತ್ತದೆ. ಕೈಲೆಕ್ಕ ಮಾಡುವವರಿಗೆ ಮಾತ್ರ ಈ ರಿಯಾಯಿತಿಯಿಂದ ಏನೂ ಸಾಗದು. ನಿಮಿಷಕ್ಕೆ ಒಂದು ಭಾಗಾಕಾರದಂತೆ ಬಿಡುವಿಲ್ಲದೆ ಮಾಡಿದರೂ 4,900 ಕೋಟಿ ವರ್ಷಗಳಾದಾವು. ವಿಶ್ವದ ವಯಸ್ಸೇ ಸುಮಾರು 1,380 ಕೋಟಿ ವರ್ಷ.

ಲ್ಯೂಕಾ ಅವರು ಭಾಜಕಗಳನ್ನು ಹುಡುಕುವ ಕೆಲಸಕ್ಕೇ ಹೋಗಲಿಲ್ಲ. ಪ್ರತಿ ಪದವೂ ತನ್ನ ಹಿಂದಿನ ಎರಡು ಪದಗಳ ಮೊತ್ತವಾಗಿರುವ ಫಿಬೊನಾಚಿ ಸರಣಿಗೆ ಆ ಹೆಸರನ್ನು ಬಳಕೆಗೆ ತಂದವರೇ ಅವರು. ಆ ಸರಣಿಯ ಭಾಜ್ಯತೆಯ ನಿಯಮಗಳನ್ನು ಅಧ್ಯಯನ ಮಾಡುತ್ತಿದ್ದಾಗ ಅವರಿಗೆ ಈ ಪರೀಕ್ಷೆ ಹೊಳೆಯಿತು. ಅಮೆರಿಕದ ಡಿ. ಎಚ್. ಲೆಮರ್ ಅವರು 1930ರಲ್ಲಿ ಅದನ್ನು ಪರಿಷ್ಕರಿಸಿ, ಎರಡನ್ನು ಬಿಟ್ಟು ಉಳಿದ ಎಲ್ಲ ಅವಿಭಾಜ್ಯ ಘಾತಗಳಿಗೂ ಹೊಂದುವಂತೆ ಮಾಡಿದರು. ಲೆಮರ್ ಅವರ ರೂಪ ಹೀಗಿದೆ: 4ರಿಂದ ಪ್ರಾರಂಭಿಸಿ, ಕೈಯಲ್ಲಿರುವ ಸಂಖ್ಯೆಯನ್ನು ವರ್ಗ ಮಾಡಿ ಎರಡನ್ನು ಕಳೆಯಬೇಕು, ಬಂದದ್ದನ್ನು ಪರೀಕ್ಷೆಗೊಳಗಾದ ಸಂಖ್ಯೆಯಿಂದ ಭಾಗಿಸಿ ಶೇಷವನ್ನು ಮಾತ್ರ ಉಳಿಸಿಕೊಂಡು, ಮತ್ತೆ ಅದನ್ನೇ ಮಾಡಬೇಕು. ಘಾತಕ್ಕಿಂತ ಎರಡು ಕಡಿಮೆ ಬಾರಿ ಹೀಗೆ ಮಾಡಿದ ಮೇಲೆ ಶೇಷ ಸೊನ್ನೆಯಾದರೆ ಸಂಖ್ಯೆ ಅವಿಭಾಜ್ಯ, ಇಲ್ಲವಾದರೆ ಸಂಯುಕ್ತ. ಎರಡೂ ದಿಕ್ಕಿನಲ್ಲಿ ಇದು ಖಚಿತ. ‘ಬಹುಶಃ’ ಎಂಬುದಕ್ಕೆ ಇಲ್ಲಿ ಜಾಗವಿಲ್ಲ.

2⁷ − 1, ಅಂದರೆ 127ನ್ನು ತೆಗೆದುಕೊಂಡು ಮಾಡಿ ನೋಡೋಣ. ಘಾತ 7 ಆದ್ದರಿಂದ ಐದು ಹೆಜ್ಜೆ. 4ರ ವರ್ಗದಿಂದ ಎರಡು ಕಳೆದರೆ 14. 14ರ ವರ್ಗ 196, ಎರಡು ಕಳೆದರೆ 194. 127ರಿಂದ ಭಾಗಿಸಿದಾಗ ಶೇಷ 67. ಅದರ ವರ್ಗದಿಂದ ಎರಡು ಕಳೆದರೆ 4487, ಶೇಷ 42. ಮುಂದಿನ ಹೆಜ್ಜೆಯಲ್ಲಿ 1762, ಶೇಷ 111. ಕೊನೆಯ ಹೆಜ್ಜೆಯಲ್ಲಿ 12319. ಇದು ಸರಿಯಾಗಿ 127 × 97. ಶೇಷ ಸೊನ್ನೆ, ಆದ್ದರಿಂದ 127 ಅವಿಭಾಜ್ಯ. ಇದೇ ಲೆಕ್ಕವನ್ನು 2047ರ ಮೇಲೆ ಒಂಬತ್ತು ಹೆಜ್ಜೆ ನಡೆಸಿದರೆ ಕೊನೆಗೆ 1736 ಉಳಿಯುತ್ತದೆ. ಸೊನ್ನೆ ಬರಲಿಲ್ಲವಾದ್ದರಿಂದ 2047 ಸಂಯುಕ್ತ ಎಂದು ತಿಳಿಯಿತು. ಆದರೆ 23 ಮತ್ತು 89ರ ಸುಳಿವು ಈ ಲೆಕ್ಕದಲ್ಲಿ ಎಲ್ಲಿಯೂ ಸಿಗುವುದಿಲ್ಲ. 2⁶⁷ − 1ರ ವಿಷಯದಲ್ಲಿ ಆದದ್ದೂ ಇದೇ. ಅದು ಸಂಯುಕ್ತ ಎಂದು ಲ್ಯೂಕಾ ಅವರು 1876ರಲ್ಲೇ ತೋರಿಸಿದ್ದರು, ಆದರೆ ಅದು 193707721 ಮತ್ತು 761838257287ರ ಗುಣಲಬ್ಧ ಎಂಬುದನ್ನು ಫ್ರಾಂಕ್ ನೆಲ್ಸನ್ ಕೋಲ್ ಅವರು ತಿಳಿಸಿದ್ದು 1903ರಲ್ಲಿ.

ಈ ಪರೀಕ್ಷೆ ಏಕೆ ಸರಿ ಎಂಬುದನ್ನು ಸ್ವಲ್ಪ ತಾಳ್ಮೆಯಿಂದ ನೋಡಿದರೆ ನೆರೆಯ ಸಂಖ್ಯೆಯ ಪಾತ್ರವೂ ಸ್ಪಷ್ಟವಾಗುತ್ತದೆ. 2 + √3 ಮತ್ತು 2 − √3 ಎಂಬ ಎರಡು ಸಂಖ್ಯೆಗಳ ಗುಣಲಬ್ಧ 1, ಮೊತ್ತ 4. ಎರಡನ್ನೂ ವರ್ಗ ಮಾಡಿ ಕೂಡಿಸಿದರೆ 14 ಬರುತ್ತದೆ, ಮತ್ತೊಮ್ಮೆ ವರ್ಗ ಮಾಡಿ ಕೂಡಿಸಿದರೆ 194. ಅಂದರೆ ನಮ್ಮ ಸರಣಿಯ ಪದಗಳೆಲ್ಲ ಈ ಜೋಡಿಯ 1, 2, 4, 8ನೆಯ ಘಾತಗಳ ಮೊತ್ತಗಳು. ಈಗ 125 ಹೆಜ್ಜೆಗಳ ನಂತರ, 2¹²⁷ − 1ರಿಂದ ಭಾಗಿಸಿದ ಶೇಷ ಸೊನ್ನೆ ಬಂತೆಂದುಕೊಳ್ಳಿ. ಆಗ, ಶೇಷಗಳ ಲೆಕ್ಕದಲ್ಲಿ, 2 + √3ರ 2¹²⁶ನೆಯ ಘಾತ −1 ಆಗುತ್ತದೆ. ಅದನ್ನು ಇನ್ನೊಮ್ಮೆ ವರ್ಗ ಮಾಡಿದರೆ 1. ಹೀಗಾಗಿ 2 + √3ನ್ನು ತನ್ನಿಂದಲೇ ಗುಣಿಸುತ್ತ ಹೋದರೆ ಮೊದಲ ಬಾರಿಗೆ 1ಕ್ಕೆ ಮರಳುವುದು ಸರಿಯಾಗಿ 2¹²⁷ನೆಯ ಘಾತದಲ್ಲಿ. ಅದಕ್ಕಿಂತ ಮುಂಚೆ ಮರಳಬೇಕಾದರೆ ಆ ಅವಧಿ 2¹²⁷ರ ಭಾಜಕವಾಗಿರಬೇಕು, 2¹²⁷ರ ಭಾಜಕಗಳೋ ಎರಡರ ಘಾತಗಳು ಮಾತ್ರ, ಅವೆಲ್ಲವನ್ನೂ ಆ −1 ಒಂದೇ ಏಟಿಗೆ ಅಲ್ಲಗಳೆಯುತ್ತದೆ. ನೆರೆಯ ಸಂಖ್ಯೆಯ ಅಪವರ್ತನಗಳು ಗೊತ್ತಿರುವುದು ಉಪಯೋಗಕ್ಕೆ ಬರುವುದು ಇಲ್ಲಿಯೇ.

ಇನ್ನು, ನಮ್ಮ ಸಂಖ್ಯೆ ಸಂಯುಕ್ತವಾಗಿದ್ದರೆ ಅದಕ್ಕೆ ತನ್ನ ವರ್ಗಮೂಲವನ್ನು ಮೀರದ ಒಂದು ಅವಿಭಾಜ್ಯ ಭಾಜಕ ಇರಬೇಕಾಗಿತ್ತು. ಆ ಭಾಜಕವನ್ನು ‘ಕ’ ಎಂದು ಕರೆದು, ಎಲ್ಲ ಶೇಷಗಳನ್ನೂ ಅದರಿಂದ ಭಾಗಿಸಿಯೇ ತೆಗೆದರೂ ಮೇಲಿನ ಮಾತು ನಿಲ್ಲುತ್ತದೆ. ಆದರೆ ಆ ಲೆಕ್ಕದಲ್ಲಿ √3ನ್ನೊಳಗೊಂಡು ಇರಬಹುದಾದ ಬೇರೆ ಬೇರೆ ಸಂಖ್ಯೆಗಳೇ ಕ × ಕ. ಸೊನ್ನೆಯನ್ನು ಬಿಟ್ಟರೆ ಅದಕ್ಕಿಂತ ಒಂದು ಕಡಿಮೆ. ‘ಕ’ ವರ್ಗಮೂಲವನ್ನು ಮೀರದ ಕಾರಣ ಈ ಎಣಿಕೆ 2¹²⁷ಕ್ಕಿಂತ ಚಿಕ್ಕದು. ಅಷ್ಟು ಸಂಖ್ಯೆಗಳೇ ಇಲ್ಲದ ಕಡೆ 2¹²⁷ ಹೆಜ್ಜೆಗಳ ಸುತ್ತು ನಡೆಯುವುದು ಸಾಧ್ಯವಿಲ್ಲ. ಆದ್ದರಿಂದ ಅಂಥ ಭಾಜಕವೂ ಇಲ್ಲ.

ವಾದ ಸರಿ, ಆದರೆ 39 ಅಂಕಿಗಳ ಸಂಖ್ಯೆಯನ್ನು 125 ಬಾರಿ ವರ್ಗ ಮಾಡಿ, ಪ್ರತಿ ಬಾರಿಯೂ 39 ಅಂಕಿಗಳ ಸಂಖ್ಯೆಯಿಂದ ಭಾಗಿಸುವವರು ಯಾರು? ಇಲ್ಲಿ ಸಂಖ್ಯೆಯ ಆಕಾರ ಎರಡನೆಯ ಸಲ ನೆರವಿಗೆ ಬರುತ್ತದೆ. 127ರ ಉದಾಹರಣೆಗೇ ಮರಳಿದರೆ, 67ರ ವರ್ಗ 4489, ದ್ವಿಮಾನದಲ್ಲಿ 1000110001001. ಬಲಗಡೆಯ ಏಳು ಸ್ಥಾನಗಳನ್ನು ಬೇರ್ಪಡಿಸಿದರೆ ಎಡಗಡೆ 100011 (ಅಂದರೆ 35), ಬಲಗಡೆ 0001001 (ಅಂದರೆ 9) ಉಳಿಯುತ್ತವೆ. ಎರಡನ್ನೂ ಕೂಡಿಸಿದರೆ 44, ಎರಡು ಕಳೆದರೆ 42. ಭಾಗಾಕಾರ ಮಾಡದೆಯೇ ಶೇಷ ಕೈಗೆ ಬಂತು. 128ನ್ನು 127ರಿಂದ ಭಾಗಿಸಿದಾಗ ಶೇಷ 1 ಎಂಬುದೇ ಇದರ ಗುಟ್ಟು: ಏಳನೆಯ ಸ್ಥಾನವನ್ನು ದಾಟಿ ಎಡಕ್ಕೆ ಹೋದ ಅಂಕಿ ಬಲತುದಿಯಿಂದ ಮತ್ತೆ ಒಳಗೆ ಬರುತ್ತದೆ. 2¹²⁷ − 1ರಲ್ಲಿ ಏಳರ ಜಾಗದಲ್ಲಿ 127 ಸ್ಥಾನಗಳು, ಅಷ್ಟೇ ವ್ಯತ್ಯಾಸ.

ಲ್ಯೂಕಾ ಅವರು ಇದನ್ನು 127 ಸಾಲು, 127 ಕಂಬಸಾಲುಗಳ ಚದುರಂಗದ ಮಣೆಯಂಥ ಹಾಸಿನ ಮೇಲೆ ಮಾಡುವ ಕ್ರಮವನ್ನು ರೂಪಿಸಿದ್ದರು. ಕಾಯಿ ಇರುವ ಮನೆ ಎಂದರೆ ಒಂದು, ಖಾಲಿ ಮನೆ ಎಂದರೆ ಸೊನ್ನೆ. ವರ್ಗ ಮಾಡುವುದೆಂದರೆ ಸಂಖ್ಯೆಯ ಪ್ರತಿಯೊಂದು ‘ಒಂದು’ ಅಂಕಿಗೂ ಅದೇ ಸಂಖ್ಯೆಯನ್ನು ಬೇರೊಂದು ಸಾಲಿನಲ್ಲಿ, ತಕ್ಕಷ್ಟು ಮನೆ ಎಡಕ್ಕೆ ಸರಿಸಿ ಇಡುವುದು. ಅಂಚನ್ನು ದಾಟಿದ ಕಾಯಿಗಳು ಅದೇ ಸಾಲಿನ ಬಲತುದಿಗೆ ಬರುತ್ತವೆ. ಬಳಿಕ ಒಂದೇ ಕಂಬಸಾಲಿನಲ್ಲಿರುವ ಎರಡೆರಡು ಕಾಯಿಗಳನ್ನು ತೆಗೆದು, ಎಡಗಡೆಯ ಕಂಬಸಾಲಿನಲ್ಲಿ ಒಂದೊಂದು ಕಾಯಿ ಇಡುತ್ತ ಹೋದರೆ ಕೊನೆಗೆ ಒಂದೇ ಸಾಲು ಉಳಿಯುತ್ತದೆ, ಅದೇ ಶೇಷ. ಗುಣಾಕಾರದ ಕೋಷ್ಟಕವೂ ಬೇಡ, ಭಾಗಾಕಾರವೂ ಬೇಡ. ಇಂದಿನ ಗಣಕಯಂತ್ರದೊಳಗೆ ನಡೆಯುವುದು ಬಹುಮಟ್ಟಿಗೆ ಇದೇ ಎಂದು ಬೇರೆ ಹೇಳಬೇಕಿಲ್ಲ. ಲ್ಯೂಕಾ ಅವರು ಮೊದಲಿಗೆ 4ರ ಬದಲು 3ರಿಂದ ಪ್ರಾರಂಭವಾಗುವ 3, 7, 47, 2207 ಎಂಬ ಸರಣಿಯನ್ನು ಬಳಸಿದ್ದರು. ಘಾತವನ್ನು ನಾಲ್ಕರಿಂದ ಭಾಗಿಸಿದಾಗ ಶೇಷ ಮೂರು ಉಳಿಯುವಲ್ಲಿ ಅದು ಕೆಲಸ ಮಾಡುತ್ತದೆ, 127 ಅಂಥದೇ ಘಾತ. (ಹನೋಯ್ ಗೋಪುರದ ಆಟವನ್ನು ಹುಟ್ಟುಹಾಕಿದವರೂ ಇವರೇ. ಅದರಲ್ಲಿ 127 ಬಿಲ್ಲೆಗಳಿದ್ದರೆ ಬೇಕಾಗುವ ಕನಿಷ್ಠ ನಡೆಗಳು ಸರಿಯಾಗಿ 2¹²⁷ − 1.)

ಅವಿಭಾಜ್ಯ ಎಂದು ಒಮ್ಮೆ ತಿಳಿದ ಮೇಲೆ ಈ ಸಂಖ್ಯೆಯ ಬೇರೆ ಗುಣಗಳು ಸಲೀಸಾಗಿ ಹೊರಬರುತ್ತವೆ. ಎರಡರ ಘಾತಗಳ ಕೊನೆಯ ಅಂಕಿ 2, 4, 8, 6 ಎಂದು ಸುತ್ತುವುದರಿಂದ 2¹²⁷ 8ರಲ್ಲಿ ಮುಗಿಯುತ್ತದೆ, ನಮ್ಮ ಸಂಖ್ಯೆ 7ರಲ್ಲಿ. ಹಾಗಾಗಿ ಇದಕ್ಕಿಂತ ಎರಡು ಕಡಿಮೆಯಾದ ಸಂಖ್ಯೆ 5ರಲ್ಲಿ ಮುಗಿದು ಐದರಿಂದ ಭಾಗವಾಗುತ್ತದೆ. ಎರಡು ಹೆಚ್ಚಾದ 2¹²⁷ + 1 ಮೂರರಿಂದ ಭಾಗವಾಗುತ್ತದೆ. ಆದ್ದರಿಂದ ಇದಕ್ಕೆ ಅವಳಿ ಅವಿಭಾಜ್ಯವಿಲ್ಲ. ಆದರೆ 2¹²⁷ + 1ನ್ನು ಮೂರರಿಂದ ಭಾಗಿಸಿದಾಗ ಬರುವ ಸಂಖ್ಯೆ ತಾನೇ ಒಂದು ಅವಿಭಾಜ್ಯ. ಎಂಟರಿಂದ ಭಾಗಿಸಿದಾಗ ನಮ್ಮ ಸಂಖ್ಯೆ ಶೇಷ 7 ಕೊಡುತ್ತದೆ. ಅಂಥ ಸಂಖ್ಯೆಯನ್ನು ಎರಡು ಅಥವಾ ಮೂರು ಪೂರ್ಣವರ್ಗಗಳ ಮೊತ್ತವಾಗಿ ಬರೆಯಲು ಬರುವುದಿಲ್ಲ, ನಾಲ್ಕು ಬೇಕೇ ಬೇಕು.

ನನಗೆ ಬಹಳ ಸೊಗಸೆನಿಸುವ ಗುಣ ಬೇರೊಂದಿದೆ. ಶೇಷಗಳ ಲೋಕದಲ್ಲಿ ವರ್ಗಮೂಲ ಹುಡುಕುವುದು ಸಾಮಾನ್ಯವಾಗಿ ತುಸು ತೊಡಕಿನ ಕೆಲಸ. ಮೆರ್ಸೆನ್ ಅವಿಭಾಜ್ಯಗಳಲ್ಲಿ ಮಾತ್ರ, ವರ್ಗಮೂಲ ಇದ್ದರೆ ಅದು ಪದೇ ಪದೇ ವರ್ಗ ಮಾಡುವುದರಿಂದಲೇ ಸಿಗುತ್ತದೆ. ಘಾತಕ್ಕಿಂತ ಎರಡು ಕಡಿಮೆ ಬಾರಿ ವರ್ಗ ಮಾಡಿದರೆ ಸಾಕು. 31ರಲ್ಲಿ ಇದನ್ನು ನೋಡಬಹುದು. ಅಲ್ಲಿ ಘಾತ 5, ಮೂರು ಬಾರಿ ವರ್ಗ ಮಾಡಬೇಕು. 5ರಿಂದ ಹೊರಟರೆ 25. ಅದರ ವರ್ಗ 625, ಶೇಷ 5. ಅದರ ವರ್ಗ 25. ಈ 25ನ್ನು ವರ್ಗ ಮಾಡಿದರೆ 625, ಶೇಷ 5. ಅಂದರೆ 31ರ ಶೇಷಗಳಲ್ಲಿ ಐದರ ವರ್ಗಮೂಲ 25. 2¹²⁷ − 1ರಲ್ಲಿ ಇದೇ ಕೆಲಸಕ್ಕೆ 125 ವರ್ಗೀಕರಣಗಳು ಸಾಕು.

ಈ ಅನುಕೂಲಗಳಿಂದಾಗಿ ಸಂಖ್ಯೆ ಇಂದಿಗೂ ಕೆಲಸದಲ್ಲಿದೆ. ಮೈಕ್ರೋಸಾಫ್ಟ್ ಸಂಶೋಧಕರು 2015ರಲ್ಲಿ ಪ್ರಕಟಿಸಿದ ‘ಫೋರ್‌ಕ್ಯೂ’ ಎಂಬ ಗೂಢಲಿಪಿ ವ್ಯವಸ್ಥೆಯ ಲೆಕ್ಕಗಳೆಲ್ಲ ಇದರ ಶೇಷಗಳ ಮೇಲೆಯೇ ನಡೆಯುತ್ತವೆ. ಇಲ್ಲಿ ಸಂಖ್ಯೆಯೇನೂ ಗುಟ್ಟಲ್ಲ, ಎಲ್ಲರಿಗೂ ಗೊತ್ತಿರುವುದೇ. ಬೇಕಾದದ್ದು ಶೇಷ ತೆಗೆಯುವ ವೇಗ. ಇನ್ನು ಹಳೆಯ ಕಾಲದ ಆಸಕ್ತಿಯೊಂದನ್ನು ಹೇಳುವುದಾದರೆ, ಪ್ರತಿ ಮೆರ್ಸೆನ್ ಅವಿಭಾಜ್ಯವೂ ತನ್ನನ್ನು ಬಿಟ್ಟು ಉಳಿದ ಭಾಜಕಗಳ ಮೊತ್ತಕ್ಕೆ ಸಮನಾದ ಒಂದು ಪರಿಪೂರ್ಣ ಸಂಖ್ಯೆಯನ್ನು ಕೊಡುತ್ತದೆ. 2¹²⁶ನ್ನು 2¹²⁷ − 1ರಿಂದ ಗುಣಿಸಿದರೆ 77 ಅಂಕಿಗಳ ಅಂಥ ಸಂಖ್ಯೆ ಬರುತ್ತದೆ.

1951ರಲ್ಲಿ ಇದರ ದಾಖಲೆ ಮುರಿದ ಬಗೆಯೂ ಸ್ವಾರಸ್ಯಕರ. ಮೊದಲು ಫೆರಿಯೆ ಎಂಬವರು ಮೇಜಿನ ಮೇಲಿನ ಲೆಕ್ಕಯಂತ್ರದಿಂದ 44 ಅಂಕಿಗಳ ಅವಿಭಾಜ್ಯವೊಂದನ್ನು ಸಾಧಿಸಿದರು. ಅದೇ ವರ್ಷ ಕೇಂಬ್ರಿಜ್‌ನಲ್ಲಿ ಮಿಲ್ಲರ್ ಮತ್ತು ವೀಲರ್ ಅವರು ಎಡ್‌ಸ್ಯಾಕ್ ಗಣಕಯಂತ್ರದಿಂದ 79 ಅಂಕಿಗಳ ಅವಿಭಾಜ್ಯವನ್ನು ಕಂಡುಹಿಡಿದರು: ಲ್ಯೂಕಾ ಅವರ ಸಂಖ್ಯೆಯನ್ನು ವರ್ಗ ಮಾಡಿ, 180ರಿಂದ ಗುಣಿಸಿ, ಒಂದನ್ನು ಕೂಡಿಸಿದ ಸಂಖ್ಯೆ ಅದು. ಅದಕ್ಕಿಂತ ಒಂದು ಕಡಿಮೆಯಾದ ನೆರೆಸಂಖ್ಯೆಯ ಅಪವರ್ತನಗಳು ಪೂರ್ತಿಯಾಗಿ ಗೊತ್ತಿದ್ದವು, ಸಾಧನೆಗೆ ಅದೇ ಆಧಾರವಾಯಿತು. 1952ರ ಜನವರಿಯಲ್ಲಿ ರಾಫೆಲ್ ರಾಬಿನ್ಸನ್ ಅವರ ಕ್ರಮವಿಧಿಯಿಂದ 521 ಮತ್ತು 607 ಘಾತಗಳ ಮೆರ್ಸೆನ್ ಅವಿಭಾಜ್ಯಗಳು ದೊರೆತವು. 2024ರ ಅಕ್ಟೋಬರ್‌ನಲ್ಲಿ ಪ್ರಕಟವಾದ 2¹³⁶²⁷⁹⁸⁴¹ − 1ರಲ್ಲಿ 4,10,24,320 ಅಂಕಿಗಳಿವೆ. ಅದನ್ನು ಖಚಿತಪಡಿಸಿದ್ದೂ ಲ್ಯೂಕಾ ಮತ್ತು ಲೆಮರ್ ಅವರ ಪರೀಕ್ಷೆಯೇ.

ಉಳಿದಿರುವ ಒಂದು ಪ್ರಶ್ನೆಗೆ ಮಾತ್ರ ಈ ಪರೀಕ್ಷೆಯಿಂದಲೂ ಉತ್ತರ ಸಿಗುವಂತಿಲ್ಲ. 2ನ್ನು ಘಾತವಾಗಿಟ್ಟರೆ 3 ಬರುತ್ತದೆ, 3ನ್ನು ಘಾತವಾಗಿಟ್ಟರೆ 7, 7ನ್ನಿಟ್ಟರೆ 127, 127ನ್ನಿಟ್ಟರೆ ನಮ್ಮ ಸಂಖ್ಯೆ, ಐದೂ ಅವಿಭಾಜ್ಯಗಳು. ಲ್ಯೂಕಾ ಅವರ ಶೋಧ ಪ್ರಕಟವಾದ ವರ್ಷವೇ ಬೆಲ್ಜಿಯಂನ ಕ್ಯಾಟಲಾನ್ ಅವರು ಈ ಸರಪಳಿಯತ್ತ ಗಮನ ಸೆಳೆದರು. ಮುಂದಿನ ಕೊಂಡಿ, ಅಂದರೆ 2¹²⁷ − 1ನ್ನೇ ಘಾತವಾಗಿ ಉಳ್ಳ ಸಂಖ್ಯೆ, ಅವಿಭಾಜ್ಯವೇ? ಅದರ ಅಂಕಿಗಳ ಎಣಿಕೆಯೇ ಸುಮಾರು 5.1 × 10³⁷. ಅದನ್ನು ಬರೆದಿಡುವಷ್ಟು ಸ್ಮೃತಿ ಯಾವ ಯಂತ್ರಕ್ಕೂ ಇಲ್ಲವಾದ್ದರಿಂದ ವರ್ಗ ಮಾಡುವ ಮಾತೇ ಏಳುವುದಿಲ್ಲ. ಅದಕ್ಕೊಂದು ಅವಿಭಾಜ್ಯ ಭಾಜಕವಿದ್ದರೆ ಅದು ನಮ್ಮ ಸಂಖ್ಯೆಯ ಇಮ್ಮಡಿಯ ಯಾವುದಾದರೊಂದು ಗುಣಕಕ್ಕಿಂತ ಒಂದು ಹೆಚ್ಚಿರಬೇಕು ಎಂಬುದಷ್ಟೇ ಹಿಡಿಯಲು ಸಿಗುವ ಎಳೆ. ಅಂಥ ಸಂಖ್ಯೆಗಳನ್ನು ಒಂದೊಂದಾಗಿ ಇಟ್ಟು ನೋಡುವ ಹುಡುಕಾಟ ನಡೆದಿದೆ, ಇದುವರೆಗೆ ಯಾವುದೂ ಹೊಂದಿಲ್ಲ. ಸಂಖ್ಯೆ ಸಂಯುಕ್ತವಾಗಿದ್ದರೆ ಎಂದೋ ಒಂದು ದಿನ ಭಾಜಕ ಸಿಕ್ಕಿ ವಿಷಯ ಇತ್ಯರ್ಥವಾಗಬಹುದು; ಅವಿಭಾಜ್ಯವಾಗಿದ್ದರೆ, ಈಗ ಕೈಯಲ್ಲಿರುವ ಯಾವ ವಿಧಾನದಿಂದಲೂ ಅದನ್ನು ಸಾಧಿಸಲಾಗದು.